ಉಪ್ಪಿನ ಶಾಖ

ಇಂಗ್ಲೆಂಡಿನವರಿಗೆ ನೋವೆಂದರೆ ಐಸು, ಮೈಸೂರಿನವರಿಗೆ ನೋವೆಂದರೆ ಶಾಖ. ಈ ಎರಡು ಮತಗಳ ನಡುವೆ ಇವತ್ತಿನವರೆಗೆ ರಾಜಿಯಾಗಿಲ್ಲ, ಆಗುವುದೂ ಇಲ್ಲ. ಗುರುವಾರ ಮಧ್ಯಾಹ್ನ ಅಳಿಯ ಕ್ರೇಗ್ ಮೈದಾನದಿಂದ ಬಲಗಾಲು ಎಳೆದುಕೊಂಡು ಬಂದು, ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಐಸ್ ಟ್ರೇ ಹುಡುಕುತ್ತಿದ್ದಾಗ ಸುಶೀಲಮ್ಮ ಹಿಂದಿನಿಂದ ಬಂದು ಫ್ರಿಜ್ಜಿನ ಬಾಗಿಲು ಹಾಕಿದರು. ಊದಿದ ಕಾಲಿಗೆ ಐಸ್ ಇಟ್ಟರೆ ವಾತ ಹಿಡಿಯುತ್ತದೆ ಎಂದು ಹೇಳಬೇಕಿತ್ತು. ವಾತಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಹೊಳೆಯಲಿಲ್ಲ. ಒಳಗೆ ಗಾಳಿ ಸೇರಿಕೊಳ್ಳುತ್ತದೆ ಎಂದು ತಮಗೆ ಬಂದ ಇಂಗ್ಲಿಷಿನಲ್ಲಿ ಹೇಳಿ ಸೋಫಾದತ್ತ ಬೆರಳು ತೋರಿಸಿದರು.

ಕ್ರೇಗ್ ಹೋಗಿ ಕೂತ. ಅವನು ಹಾಗೆಯೇ. ಸಾಕು ಅನ್ನಬೇಕಾದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಬೇಕೆಂದು ತಿಳಿಯದೆ, ಮದುವೆಯಾದ ಹೊಸದರಲ್ಲಿ ಹಾಕಿದಷ್ಟೂ ಒಬ್ಬಟ್ಟು ತಿಂದು, ಬಚ್ಚಲಿಗೆ ಹೋಗಿ ಕಕ್ಕಿಕೊಂಡು ಬಂದು, ತುಂಬ ಚೆನ್ನಾಗಿತ್ತು ಅಂದವನು. ಬೇಡ ಎನ್ನುವ ಮಾತು ಅವನ ಬಾಯಲ್ಲಿ ಹುಟ್ಟುತ್ತಿರಲಿಲ್ಲ. ಬೇಕು ಎನ್ನುವುದೂ ಅಷ್ಟಕ್ಕಷ್ಟೇ.

ಆದರೆ ಈ ವಾರ ಅವನಿಗೆ ಒಂದು ಬೇಕಿತ್ತು. ಸುಶೀಲಮ್ಮನಿಗೂ ಅದೇ ಬೇಕಿತ್ತು. ನೈರೋಬಿಯ ಒಂದು ಫುಟ್‌ಬಾಲ್ ಕ್ಲಬ್ಬು ಅವನನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಳ್ಳಲು ಒಪ್ಪಿತ್ತು. ಶನಿವಾರ ಅದೇ ಊರಿನ ಹರ್ಲಿಂಗ್‌ಹ್ಯಾಮ್ ಬಡಾವಣೆಯಲ್ಲಿ ಡಾಕ್ಟರ ಪರೀಕ್ಷೆ. ಆಡಲು ಅಡ್ಡಿಯಿಲ್ಲ ಎಂದು ಅವರು ಬರೆದುಕೊಟ್ಟರೆ ಸೋಮವಾರ ಸಹಿ. ಬರೆದುಕೊಡದಿದ್ದರೆ ಏನು ಎನ್ನುವುದನ್ನು ಮಗಳು ಧನಶ್ರೀ ಹೋದ ಭಾನುವಾರ ದೋಸೆ ತಿನ್ನುತ್ತಲೇ ಹೇಳಿಬಿಟ್ಟಿದ್ದಳು. “ದೆನ್ ವಿ ಗೋ ಬ್ಯಾಕ್, ಅಮ್ಮಾ.” ಕ್ರೇಗ್‌ನ ಅಣ್ಣ ಇಂಗ್ಲೆಂಡಿನಲ್ಲಿ ಛಾವಣಿ ರಿಪೇರಿ ಮಾಡಿಸುತ್ತಾನಂತೆ, ತಮ್ಮನಿಗೂ ಕೆಲಸ ಕೊಡುತ್ತಾನಂತೆ. ಅವಳ ಟೆಲಿಕಾಂ ಕಂಪನಿ ಲಂಡನ್ನಿಗೆ ವರ್ಗ ಮಾಡಲು ತಯಾರಂತೆ. ಓದಲು ಹೋದ ಮಗಳು ಒಂಬತ್ತು ವರ್ಷ ಅಲ್ಲೇ ಬೇರುಬಿಟ್ಟು, ಕಳೆದ ವರ್ಷವಷ್ಟೇ ಗಂಡನನ್ನು ಕರೆದುಕೊಂಡು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ಈ ಫ್ಲ್ಯಾಟಿಗೆ ವಾಪಸ್ ಬಂದಿದ್ದಳು. ಇನ್ನೊಮ್ಮೆ ಹೋದರೆ ಇನ್ನೊಮ್ಮೆ ಬರುವವಳಲ್ಲ. ಸುಶೀಲಮ್ಮನಿಗೆ ಮಗಳ ಸ್ವಭಾವ ಗೊತ್ತಿತ್ತು, ಏಕೆಂದರೆ ಅದು ಅವರದೇ ಸ್ವಭಾವ.

ಅಳಿಯನ ಕಸುಬು ಮಾತ್ರ ಅವರಿಗೆ ಕೊನೆಯವರೆಗೂ ಸರಿಯಾಗಿ ತಲೆಗೆ ಹತ್ತಲಿಲ್ಲ. ಮದುವೆಯ ಮಾತು ಬಂದಾಗ ಯಜಮಾನರು ಗೋಪಿನಾಥ್, ಇಡೀ ಆಯುಷ್ಯ ಗಣಿತ ಪಾಠ ಮಾಡಿದವರು, ಹುಡುಗ ಏನು ಮಾಡುತ್ತಾನೆ ಎಂದು ಫೋನಿನಲ್ಲಿ ಕೇಳಿದ್ದರು. ಡಿಫೆಂಡರ್ ಎಂದಿದ್ದಳು ಮಗಳು. ಯಾವ ಕೋರ್ಟಿನಲ್ಲಿ ಎಂದು ಇವರು ಕೇಳಿ, ಆ ಕಡೆ ನಕ್ಕ ಸದ್ದು ನಿಲ್ಲಲು ಬಹಳ ಹೊತ್ತು ಹಿಡಿದಿತ್ತು. ಆಮೇಲೆ ಒಂದೊಂದಾಗಿ ತಿಳಿಯಿತು. ಉತ್ತರ ಇಂಗ್ಲೆಂಡಿನ ಯಾವುದೋ ಊರು. ಎಂಟನೆಯ ವಯಸ್ಸಿಗೇ ದೊಡ್ಡ ಕ್ಲಬ್ಬೊಂದು ಆರಿಸಿಕೊಂಡು ತರಬೇತಿ ಕೊಟ್ಟಿತು. ಹದಿನೆಂಟು ತುಂಬುತ್ತಲೇ ನಿನ್ನ ಕಾಲಿಗೆ ವೇಗ ಸಾಲದು ಎಂದು ಕೈತೊಳೆದುಕೊಂಡಿತು. ಅಲ್ಲಿಂದ ಮುಂದೆ ಮೂರನೆಯ ದರ್ಜೆ, ನಾಲ್ಕನೆಯ ದರ್ಜೆ; ಬಂದರಿನ ಊರು, ಗಿರಣಿ ಮುಚ್ಚಿದ ಊರು, ಎರಡು ವರ್ಷಕ್ಕೊಂದು ಬಾಡಿಗೆ ಮನೆ. ಒಂದು ಸಲ ಅರ್ಧ ವರ್ಷದ ಮಟ್ಟಿಗೆ ಎರಡನೆಯ ದರ್ಜೆಗೆ ಏರಿದ್ದ, ತಂಡದ ಜೊತೆಗೇ ಇಳಿದ. ಗೋಲು ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತದೆ. ತಡೆದವನ ಹೆಸರು ಬರುವುದು ತಡೆಯಲಾಗದೆ ಹೋದ ದಿನ ಮಾತ್ರ.

ನೈರೋಬಿಯಲ್ಲಿ ಮಟಾಟು ಎನ್ನುವ ಬಾಡಿಗೆ ವ್ಯಾನಿನ ಕಂಡಕ್ಟರಿನಿಂದ ಹಿಡಿದು ನ್ಗಾರಾ ಪೇಟೆಯ ಸಗಟು ಅಂಗಡಿಯ ಸೇಟುವಿನವರೆಗೆ ಎಲ್ಲರಿಗೂ ಇಂಗ್ಲೆಂಡಿನ ಆಟಗಾರರ ಜಾತಕ ಬಾಯಿಪಾಠ. ಆ ಇಡೀ ಊರಿನಲ್ಲಿ ಕ್ರೇಗ್‌ನ ಹೆಸರನ್ನು ಒಬ್ಬನೂ ಕೇಳಿರಲಿಲ್ಲ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಬೆಂಗಳೂರಿನಿಂದ ಬಂದ ಬ್ಯಾಂಕಿನ ಹುಡುಗರು ಮೊದಲು ಸುತ್ತುವರಿದು ಫೋಟೋ ತೆಗೆಸಿಕೊಂಡರು, ಆಮೇಲೆ ಫೋನಿನಲ್ಲಿ ಅವನ ಹೆಸರು ಹುಡುಕಿ ನೋಡಿ ಮೆಲ್ಲಗೆ ಪಾಯಸದ ಕಡೆಗೆ ಸರಿದರು. “ಮನೆ ಅಳಿಯ ಅನ್ನಿ ಹಾಗಾದ್ರೆ,” ಎಂದಳೊಬ್ಬಳು ಸುಶೀಲಮ್ಮನ ಕಿವಿಗೆ ಬೀಳುವಂತೆಯೇ. ಸುಶೀಲಮ್ಮ ಅವಳಿಗೆ ಕೋಸಂಬರಿ ಬಡಿಸಲಿಲ್ಲ.

ಗುರುವಾರದ ವಿಷಯಕ್ಕೆ ಬರೋಣ. ಕಬ್ಬಿಣದ ಬಾಣಲೆಯಲ್ಲಿ ಕಲ್ಲುಪ್ಪು ಹಾಕಿ, ಚಟಪಟ ಸದ್ದು ನಿಲ್ಲುವವರೆಗೆ ಹುರಿದು, ಯಜಮಾನರ ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದರು. ಕ್ರೇಗ್ ಕಾಲನ್ನು ಮಣೆಯ ಮೇಲೆ ಚಾಚಿ ಟೀವಿ ನೋಡುತ್ತಿದ್ದ. ಪಾದದ ಗಂಟಿನ ಒಳಬದಿ ಬದನೆಕಾಯಿಯ ಹಾಗೆ ಊದಿತ್ತು. ಸುಶೀಲಮ್ಮ ಎದುರಿಗೆ ಕುಳಿತು ಉಪ್ಪಿನ ಗಂಟನ್ನು ತಟ್ಟಿ ತಟ್ಟಿ ತೆಗೆದರು.

“ಬಿಸಿಯಾ?” ಎಂದು ಕೇಳಿದರು. ಇಲ್ಲ, ಹಿತವಾಗಿದೆ ಎಂದ. ಸ್ವಲ್ಪ ಒತ್ತಿದರು. ಹೇಗಿದೆ? ತುಂಬ ಹಿತವಾಗಿದೆ.

ಶಾಖ ಕೊಡುವವರ ಕೈಯಲ್ಲಿ ಅಳತೆ ಇರುವುದಿಲ್ಲ, ಅದು ಇರುವುದು ತೆಗೆದುಕೊಳ್ಳುವವರ ಬಾಯಲ್ಲಿ. ಅವರು ಹಾ ಎನ್ನಬೇಕು, ಇವರು ತೆಗೆಯಬೇಕು. ಅವರು ಬೈಯಬೇಕು, ಇವರು ಸುಮ್ಮನಿರಿ ಎಂದು ಗದರಬೇಕು. ಸುಶೀಲಮ್ಮನ ಅಜ್ಜಿ, ಅಮ್ಮ ಎಲ್ಲರೂ ಹೀಗೆ ಬೈಗುಳದ ಲೆಕ್ಕದಲ್ಲೇ ಶಾಖ ಕೊಟ್ಟವರು. ಬೈಯದೆ ಕೂತ ರೋಗಿಯನ್ನು ಈ ಮನೆತನ ಕಂಡಿರಲಿಲ್ಲ. ಆಟಗಾರನ ಕಾಲು, ಗಟ್ಟಿ ಚರ್ಮ, ಒಳಕ್ಕೆ ಇಳಿಯಬೇಕಾದರೆ ಇನ್ನಷ್ಟು ಬೇಕು ಎಂದುಕೊಂಡು ಅವರು ಗಂಟನ್ನು ಎರಡೂ ಕೈಯಿಂದ ಒತ್ತಿ ಹಿಡಿದೇ ಕೂತರು. ಟೀವಿಯಲ್ಲಿ ಯಾರೋ ಗೋಲು ಹೊಡೆದ. ತೆಗೆದು ನೋಡಿದರೆ ಬಟ್ಟೆಯ ಜೊತೆ ಚರ್ಮವೂ ಎದ್ದು ಬಂತು.

ಅಡಿಯಲ್ಲಿ ಬೆಳ್ಳಗೆ, ಒದ್ದೆಯಾಗಿ, ಸುತ್ತ ಕೆಂಪು ಬಳೆ. ಕ್ರೇಗ್ ಇನ್ನೂ ಟೀವಿ ನೋಡುತ್ತಿದ್ದ. ಅತ್ತೆಯ ಕೈ ನಿಂತದ್ದನ್ನು ಕಂಡು ತಿರುಗಿದ. ಮೊದಲು ಅವರ ಮುಖ ನೋಡಿದ, ಆಮೇಲೆ ತನ್ನ ಕಾಲು ನೋಡಿದ. ಅವನ ಮುಖದಲ್ಲಿ ನೋವು ಬರಲಿಲ್ಲ. ಸಿಕ್ಕಿಬಿದ್ದವನ ಮುಖವಾಯಿತು.

“ಧನುಗೆ ಹೇಳಬೇಡಿ, ಅಮ್ಮ,” ಎಂದ.

ಗಾಯಕ್ಕೆ ತಣ್ಣೀರು ಹಾಕುತ್ತಾ, ಹತ್ತಿ ಇಡುತ್ತಾ ಸುಶೀಲಮ್ಮ ತಮ್ಮ ಇಂಗ್ಲಿಷಿನಲ್ಲಿ ಒಂದೊಂದೇ ಕೇಳಿದರು, ಅವನು ಹವಾಮಾನ ವರದಿ ಓದುವವನ ಹಾಗೆ ಹೇಳಿದ. ಆ ಗಂಟಿಗೆ ಎರಡು ಆಪರೇಷನ್ ಆಗಿದೆ. ಎರಡನೆಯದಾದ ಮೇಲೆ ಪ್ರತಿ ಪಂದ್ಯಕ್ಕೂ ಮೊದಲು ನೋವು ತಿಳಿಯದ ಹಾಗೆ ಇಂಜೆಕ್ಷನ್ ಚುಚ್ಚುತ್ತಿದ್ದರು. ಎಲ್ಲರಿಗೂ ಚುಚ್ಚುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಎರಡು ವರ್ಷ ಹಾಗೆ ನಡೆಯಿತು.

“ಒಂದು ದಿನ ಇಂಜೆಕ್ಷನ್ ಬೇಕಾಗಲಿಲ್ಲ,” ಎಂದ ಕ್ರೇಗ್. “ವಾಸಿಯಾಯಿತು ಅಂದುಕೊಂಡೆ. ಆವತ್ತು ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ?”

ಆಗಿನಿಂದ ಪಾದದ ಗಂಟೂ ಸೇರಿ ಅದರ ಕೆಳಗೆ ಅವನಿಗೆ ಏನೂ ತಿಳಿಯುವುದಿಲ್ಲ. ಓಡುವ ಶಕ್ತಿ ಮೇಲಿನ ಮಾಂಸಖಂಡದ್ದು, ಅದಕ್ಕೇನೂ ಆಗಿಲ್ಲ. ಚೆಂಡು ಕಾಲಿಗೆ ತಾಗಿದ್ದನ್ನು ಕಣ್ಣಲ್ಲಿ ನೋಡಿ, ಕಿವಿಯಲ್ಲಿ ಕೇಳಿ ತಿಳಿದುಕೊಳ್ಳುತ್ತಾನೆ. ಡಿಫೆಂಡರಿಗೆ ಅಷ್ಟು ನಾಜೂಕಿನ ಕಾಲು ಬೇಕಿಲ್ಲ, ಅಡ್ಡ ನಿಲ್ಲಲು ಬಂದರೆ ಸಾಕು. ಹಾಗಾದರೆ ಇಷ್ಟು ದಿನ ಡಾಕ್ಟರುಗಳ ಕಣ್ಣಿಗೆ ಹೇಗೆ ಬೀಳಲಿಲ್ಲ? ಅವರು ನೋಡುವುದು ಹೃದಯ, ಮೊಣಕಾಲು, ಎಕ್ಸ್‌ರೇ ಫೋಟೋಗಳು. ಎಲ್ಲಾದರೂ ಒಬ್ಬ ಪಾದ ಮುಟ್ಟಿ ಗೊತ್ತಾಗುತ್ತಾ ಎಂದು ಕೇಳಿದರೆ ಆ ಡಾಕ್ಟರ ಭುಜ ನೋಡಬೇಕು. ಭುಜ ಅಲ್ಲಾಡಿದಾಗ ಯೆಸ್ ಅನ್ನಬೇಕು.

“ಶನಿವಾರವೂ ಹಾಗೇ ಮಾಡ್ತೀಯಾ?”

“ಒಂದೇ ಒಂದು ವರ್ಷ, ಅಮ್ಮ.”

ಅವನು ಬೇಡಿಕೊಳ್ಳಲಿಲ್ಲ. ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಆ ಮನುಷ್ಯನಿಗೆ ಕಾಲು ಮಾತ್ರವಲ್ಲ, ಕುತ್ತಿಗೆಯವರೆಗೂ ಹಾಗೇ ಆಗಿರಬೇಕು ಅನ್ನಿಸಿತು ಸುಶೀಲಮ್ಮನಿಗೆ. ಸರಿ, ಹೇಳುವುದಿಲ್ಲ ಎಂದರು. ಹೇಳಿದರೆ ಮಗಳು ಗಂಡನನ್ನು ಒಂದು ಹೆಜ್ಜೆಯೂ ಆಡಲು ಬಿಡುವುದಿಲ್ಲ, ಆಡದಿದ್ದರೆ ವಿಮಾನ. ತಮ್ಮ ಮಾತಿನಲ್ಲಿ ಎಷ್ಟು ಪಾಲು ಕರುಣೆ, ಎಷ್ಟು ಪಾಲು ಸ್ವಾರ್ಥ ಎನ್ನುವುದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಅದಕ್ಕಿಂತ ಹೆಚ್ಚಿನದೂ ಆಗಲಿಲ್ಲ. ಒಬ್ಬ ಮನುಷ್ಯನ ಕಾಲನ್ನು ಕೈಯಾರೆ ಬೇಯಿಸಿದೆನಲ್ಲ, ಈಗ ಅಳು ಬರಬಹುದು ಎಂದು ಅಡುಗೆಮನೆಯಲ್ಲಿ ನಿಂತು ಕಾದರು. ಬರಲಿಲ್ಲ. ಉಪ್ಪನ್ನು ಎಸೆಯಬೇಕೋ ಡಬ್ಬಿಗೆ ಹಾಕಬೇಕೋ ಎನ್ನುವುದೇ ದೊಡ್ಡ ಪ್ರಶ್ನೆಯಾಯಿತು. ಕೊನೆಗೆ ಎಸೆದು, ಬಾಣಲೆ ತೊಳೆದು, ಅದರಲ್ಲೇ ಸಂಜೆಗೆ ಹುರುಳಿಕಾಯಿ ಪಲ್ಯ ಮಾಡಿದರು. ಪಲ್ಯ ಚೆನ್ನಾಗಿಯೇ ಆಗಿತ್ತು.

ಧನಶ್ರೀ ಆಫೀಸಿನಿಂದ ಬಂದವಳು ಬ್ಯಾಂಡೇಜು ನೋಡಿ ಬ್ಯಾಗನ್ನೂ ಇಳಿಸದೆ ಕೇಳಿದಳು, “ವಾಟ್ ಹ್ಯಾಪನ್ಡ್?”

“ಬಿಸಿನೀರು ಚೆಲ್ಲಿತು ಕಣೇ, ನನ್ನ ಕೈಯಿಂದ್ಲೇ ತಪ್ಪಾಯ್ತು,” ಎಂದರು ಸುಶೀಲಮ್ಮ. “ಎರಡು ದಿನದಲ್ಲಿ ಮಾಯುತ್ತೆ. ಆಟಕ್ಕೇನೂ ತೊಂದ್ರೆ ಇಲ್ಲ.”

“ಡಸ್ ಇಟ್ ಹರ್ಟ್?” ಎಂದು ಅವಳು ಗಂಡನ ಕೂದಲಿಗೆ ಕೈಹಾಕಿದಳು. ಸ್ವಲ್ಪ ಎಂದ ಕ್ರೇಗ್. ಮುಖವನ್ನು ತಕ್ಕಮಟ್ಟಿಗೆ ಕಿವುಚಿದ. ಎಷ್ಟು ಕಿವುಚಬೇಕೆಂದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಗೋಪಿನಾಥ್ ಪೇಪರಿನ ಮೇಲಿಂದ ಕಣ್ಣೆತ್ತಿ, ನೀರು ಕುದಿಯುವ ಉಷ್ಣತೆ ಎತ್ತರದ ಊರಿನಲ್ಲಿ ಕಡಿಮೆ, ಆದ್ದರಿಂದ ನೈರೋಬಿಯಲ್ಲಿ ಸುಟ್ಟರೆ ಮಂಗಳೂರಿನಷ್ಟು ಸುಡುವುದಿಲ್ಲ ಎಂದು ಸಮಾಧಾನ ಹೇಳಿದರು.

ಶನಿವಾರ ಧನಶ್ರೀಗೆ ಆಫೀಸಿನ ಮೀಟಿಂಗು. ಸುಶೀಲಮ್ಮನೇ ಕಾರು ತೆಗೆದರು. ದಾರಿಯಲ್ಲಿ ಟ್ರಾಫಿಕ್ ನಿಂತಾಗ ಮುಂದೊಂದು ಮಟಾಟು ಇತ್ತು. ಅದರ ಬೆನ್ನಿನ ತುಂಬ ಇಂಗ್ಲೆಂಡಿನ ಯಾವನೋ ದೊಡ್ಡ ಆಟಗಾರನ ಮುಖ, ಹಲ್ಲೆಲ್ಲ ತೋರಿಸಿ ನಗುತ್ತಿತ್ತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಇವರ ಕಾರಿನೊಳಕ್ಕೆ ಇಣುಕಿ, ಬಿಳಿಯ ಮುಖ ಕಂಡು “ಸವಾ, ಬಾಸ್?” ಎಂದು ಸ್ವಾಹಿಲಿಯಲ್ಲಿ ಕ್ಷೇಮ ಕೇಳಿ ಕೈಯೆತ್ತಿದ. ಕ್ರೇಗ್ ತಾನೂ ಕೈಯೆತ್ತಿದ.

“ಇವನ ವಿರುದ್ಧ ನಾನು ಒಂದು ಸಲ ಆಡಿದ್ದೇನೆ,” ಎಂದ, ಮಟಾಟುವಿನ ಮುಖ ತೋರಿಸಿ. “ಆಟ ಮುಗಿದ ಮೇಲೆ ಬಂದು ಕೈ ಕುಲುಕಿದ. ನನ್ನನ್ನು ದಾಟಿ ಮೂರು ಗೋಲು ಹೊಡೆದಿದ್ದ. ಒಳ್ಳೆಯವನು.”

ಸುಶೀಲಮ್ಮ ಗೇರು ಹಾಕಿ ಕಾರು ಮುಂದೆ ಬಿಟ್ಟರು. ಕ್ಲಬ್ಬಿನವರು ಸಹಿ ಆದ ಮೇಲೆ ಮನೆ ಕೊಡುತ್ತಾರಾ ಎಂದು ಕೇಳಿದರು. ಅದು ಗೊತ್ತಿಲ್ಲ ಎಂದ.

ಡಾಕ್ಟರ್ ಫೆಲಿಕ್ಸ್ ಮಂಗಳೂರಿನವರು, ಮೂಳೆಯ ಡಾಕ್ಟರು, ನೈರೋಬಿಗೆ ಬಂದು ಮೂವತ್ತು ವರ್ಷ ದಾಟಿತ್ತು. ಮಾತು ಮಾತ್ರ ಇನ್ನೂ ಊರಿನದೇ. ಆ ಕ್ಲಬ್ಬಿನ ಆಟಗಾರರನ್ನೆಲ್ಲ ಅವರೇ ನೋಡುತ್ತಿದ್ದರು. ಸುಶೀಲಮ್ಮನನ್ನು ಅಕ್ಕ ಎಂದೇ ಕರೆಯುತ್ತಿದ್ದರು. “ಬನ್ನಿ ಬನ್ನಿ ಸುಶೀಲಕ್ಕ, ಅಳಿಯಂದಿರನ್ನು ಒಬ್ಬರನ್ನೇ ಬಿಡುದಕ್ಕೆ ಹೆದರಿಕೆಯಾ? ಒಳಗೇ ಬನ್ನಿ,” ಎಂದು ಇಬ್ಬರನ್ನೂ ಕರೆದೊಯ್ದರು. ಹೃದಯ ನೋಡಿದರು, ಮೊಣಕಾಲು ಮಡಿಸಿ ತಿರುಗಿಸಿ ನೋಡಿದರು. ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ಬ್ಯಾಂಡೇಜಿಗೆ ಕೈಹಾಕಿದರು.

“ಎಂತ ಮಾರಾಯ್ರೆ ಇದು?”

“ಬಿಸಿನೀರು ಬಿತ್ತು,” ಎಂದರು ಸುಶೀಲಮ್ಮ ಕನ್ನಡದಲ್ಲಿ.

ಫೆಲಿಕ್ಸ್ ಗಾಯವನ್ನು ಬಹಳ ಹೊತ್ತು ನೋಡಿದರು. “ನೀರು ಬಿದ್ರೆ ಅದು ಹರೀತದೆ ಅಕ್ಕ. ಮನುಷ್ಯ ಕಾಲು ಎಳ್ಕೊಳ್ತಾನೆ. ಇದು ಒಂದೇ ಕಡೆ ಕೂತದ್ದು, ರೊಟ್ಟಿ ಬೆಂದ ಹಾಗೆ.” ಫೆಲಿಕ್ಸ್ ಮತ್ತೆ ಕೇಳಲಿಲ್ಲ. ಕ್ರೇಗ್‌ಗೆ ಇಂಗ್ಲಿಷಿನಲ್ಲಿ, ಮಲಗಿ ಕಣ್ಣು ಮುಚ್ಚಿಕೊ, ನಾನು ಮುಟ್ಟಿದಾಗಲೆಲ್ಲ ಯೆಸ್ ಅನ್ನು ಎಂದರು. ಕ್ರೇಗ್ ಒಂದು ಕ್ಷಣ ಅತ್ತೆಯ ಕಡೆ ನೋಡಿ, ಕಣ್ಣು ಮುಚ್ಚಿದ. ಈಗ ಭುಜ ಕಾಣುವಂತಿರಲಿಲ್ಲ.

ಫೆಲಿಕ್ಸ್ ಚೂಪು ತುದಿಯ ಕಡ್ಡಿಯನ್ನು ಮೊಣಕಾಲಿಗೆ ತಾಗಿಸಿದರು. ಯೆಸ್. ಕೆಳಗೆ, ಮೀನಖಂಡಕ್ಕೆ. ಯೆಸ್. ಅದರ ಕೆಳಗೆ. ಯೆಸ್. ಪಾದದ ಗಂಟು ದಾಟಿ ಅಂಗಾಲಿಗೆ ಬಂದು, ಚರ್ಮ ಗುಳಿ ಬೀಳುವಷ್ಟು ಒತ್ತಿದರು. ಕ್ರೇಗ್ ಸುಮ್ಮನಿದ್ದ. ಕಡ್ಡಿ ತೆಗೆದ ಎಷ್ಟೋ ಹೊತ್ತಿನ ಮೇಲೆ, ಇಷ್ಟರಲ್ಲಿ ಮುಟ್ಟಿರಬೇಕು ಎಂದು ಲೆಕ್ಕ ಹಾಕಿದವನಂತೆ, ಯೆಸ್ ಎಂದ.

ಫೆಲಿಕ್ಸ್ ಕಡ್ಡಿಯನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತರು.

“ಯೆಸ್,” ಎಂದ ಕ್ರೇಗ್. ಸ್ವಲ್ಪ ಬಿಟ್ಟು, “ಯೆಸ್.”

ಕೋಣೆಯಲ್ಲಿ ಯಾರೂ ಅಲ್ಲಾಡುತ್ತಿರಲಿಲ್ಲ. ಅವನು ಮಾತ್ರ ಸಮನಾದ ದನಿಯಲ್ಲಿ, ಹಾಜರಿ ಕೂಗಿದಾಗ ಉತ್ತರ ಕೊಡುವ ಹುಡುಗನಂತೆ, ಯೆಸ್ ಅನ್ನುತ್ತಲೇ ಇದ್ದ.

“ಗೊತ್ತಾಯ್ತಲ್ಲ ಅಕ್ಕ,” ಎಂದರು ಫೆಲಿಕ್ಸ್ ಕನ್ನಡದಲ್ಲಿ, ದನಿ ತಗ್ಗಿಸಿ. “ನಿಮಗೆ ಮೊದ್ಲೇ ಗೊತ್ತುಂಟು, ನಿಮ್ಮ ಮುಖ ಹೇಳ್ತದೆ. ಒಂದು ದಿನ ಈ ಕಾಲಿನ ಮೂಳೆ ಮುರಿದ್ರೂ ಇವ ಓಡ್ತಾ ಇರ್ತಾನೆ.” ಸ್ವಲ್ಪ ತಡೆದು, “ನೋಡಿ, ಈ ಪರೀಕ್ಷೆ ನಾನು ಎಲ್ಲರಿಗೂ ಮಾಡುದಿಲ್ಲ. ಕ್ಲಬ್ಬಿನವ್ರು ಕೇಳುದೂ ಇಲ್ಲ. ಇವತ್ತು ಮಾಡ್ಲಿಲ್ಲ ಅಂತ ಇಟ್ಕೊಳ್ಬಹುದು. ಧನಶ್ರೀ ಇಲ್ಲೇ ಇರ್ಬೇಕು ಅಂತ ನಿಮಗೆ ಎಷ್ಟು ಆಸೆ ಅಂತ ನನಗೆ ಗೊತ್ತುಂಟು. ಎಂತ ಮಾಡುವ?”

ಕ್ರೇಗ್‌ಗೆ ಕನ್ನಡ ಬರುತ್ತಿರಲಿಲ್ಲ. ಹಿರಿಯರು ಏನೋ ಕುಶಲ ಮಾತಾಡಿಕೊಳ್ಳುತ್ತಿದ್ದಾರೆ ಎಂದುಕೊಂಡಿರಬೇಕು. ಮಾತಿನ ನಡುವೆಯೂ ಕೆಲಸ ತಪ್ಪಬಾರದೆಂದು ಒಂದು ಯೆಸ್ ಅಂದ.

ಸುಶೀಲಮ್ಮ ಹೋಗಿ ಹಾಸಿಗೆಯ ಕಾಲ್ಬದಿಯಲ್ಲಿ ನಿಂತರು. ಎದುರಿಗೆ ಆ ಪಾದ. ಉಗುರುಗಳು ಕಪ್ಪಾಗಿದ್ದವು, ಕಿರುಬೆರಳು ಸೊಟ್ಟ ಕೂಡಿಕೊಂಡಿತ್ತು. ಗಾಯವಿಲ್ಲದ ಕಡೆ ನೋಡಿ ಅವರು ಅಂಗಾಲನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬೆಚ್ಚಗಿತ್ತು, ನಿದ್ದೆಹೋದ ಮಗುವಿನ ಹಾಗೆ ಭಾರವಾಗಿತ್ತು. ಯೆಸ್ ಅನ್ನಪ್ಪ ಎಂದು ಮನಸ್ಸಿನಲ್ಲೇ ಕೇಳಿಕೊಂಡರು. ಈಗ ಅನ್ನು, ಈಗ ನಿಜವಾಗಿಯೂ ಮುಟ್ಟಿದ್ದೇನೆ. ಒತ್ತಿದರು, ಇನ್ನೂ ಗಟ್ಟಿಯಾಗಿ ಒತ್ತಿದರು. ಅಷ್ಟು ಹೊತ್ತು ಬಿಡದೆ ಯೆಸ್ ಅನ್ನುತ್ತಿದ್ದವನು ಈಗ ಸುಮ್ಮನೆ ಮಲಗಿದ್ದ.

ಆಗ ಸುಶೀಲಮ್ಮನಿಗೆ ಅಳು ಬಂತು. ಮಗಳು ಹೋಗಿಬಿಡುತ್ತಾಳೆ ಎಂದು ಬಂದ ಅಳು ಸ್ವಲ್ಪ, ಕಾಲು ಸುಟ್ಟದ್ದಕ್ಕೆ ಬಂದದ್ದು ಸ್ವಲ್ಪ, ಬಹುಪಾಲು ಈ ಹುಡುಗನಿಗಾಗಿಯೇ ಬಂದದ್ದು. ಇಷ್ಟು ವರ್ಷ ಯಾರು ಏನು ಮಾಡಿದರೂ ಸರಿ ಸರಿ ಎಂದುಕೊಂಡೇ ಬಂದನಲ್ಲ ಎಂದು ಸಂಕಟವಾಯಿತು. ಸದ್ದಿಲ್ಲದೆ ಅತ್ತರು. ಕಣ್ಣೀರು ಅವನ ಪಾದದ ಮೇಲೆಯೇ ಬಿತ್ತು, ಅದೂ ಅವನಿಗೆ ತಿಳಿಯಲಿಲ್ಲ.

“ಇದ್ದದ್ದನ್ನ ಇದ್ದ ಹಾಗೇ ಬರೀರಿ, ಫೆಲಿಕ್ಸ್,” ಎಂದರು.

“ಧನಶ್ರೀ?”

“ಹೋಗ್ಲಿ. ಅವಳ ಗಂಡ ಅವಳ ಜೊತೆ ಎರಡು ಕಾಲಲ್ಲಿ ಹೋಗ್ಲಿ.” ಆಮೇಲೆ ಇಂಗ್ಲಿಷಿನಲ್ಲಿ, ಕಣ್ಣು ಬಿಡು ಎಂದರು.

ಕ್ರೇಗ್ ಕಣ್ಣು ಬಿಟ್ಟ. ಮೊದಲು ಡಾಕ್ಟರ ಕಟ್ಟಿದ ಕೈ ನೋಡಿದ, ಮೇಜಿನ ಮೇಲಿನ ಕಡ್ಡಿ ನೋಡಿದ. ಆಮೇಲೆ ತಲೆಯೆತ್ತಿ ಕಾಲಿನ ಕಡೆ ನೋಡಿದ. ಅತ್ತೆ ಎರಡೂ ಕೈಯಲ್ಲಿ ಅವನ ಪಾದ ಹಿಡಿದು ನಿಂತಿದ್ದರು. ಅವನು ಆ ಕೈಗಳನ್ನೇ ನೋಡುತ್ತಾ ಎಷ್ಟೋ ಹೊತ್ತು ಇದ್ದ.

“ಯಾವಾಗಿನಿಂದ ಹಿಡಿದುಕೊಂಡಿದ್ದೀರಿ?” ಎಂದು ಕೇಳಿದ.

“ಆಗಿನಿಂದ,” ಎಂದರು ಸುಶೀಲಮ್ಮ, ಮತ್ತು ಬಿಡಲಿಲ್ಲ.